ಆಳ ಕೇಳಿ ಬರೆದುಕೊಂಡ ವರ್ಷ

ಕಂಬ ಹತ್ತುವುದು ಹೇಗೆ, ಇಳಿಯುವುದು ಹೇಗೆ, ಲೈನ್ ಬಂದ್ ಮಾಡಿಸಿ ಅರ್ಥಿಂಗ್ ಹಾಕದೆ ತಂತಿಗೆ ಕೈ ಹಚ್ಚಬಾರದು ಎಂಬುದನ್ನೆಲ್ಲ ಹೊಸದಾಗಿ ಕೆಲಸಕ್ಕೆ ಸೇರಿದ ನಿಮಗೆ ತರಬೇತಿಯಲ್ಲಿ ಕಲಿಸುತ್ತಾರೆ. ಅದನ್ನು ನಾನು ಹೇಳಬೇಕಾಗಿಲ್ಲ. ನಾನು ಹೇಳಬೇಕಾದದ್ದು, ಎರಡೂ ಕಾಲನ್ನು ನೆಲಕ್ಕೆ ಊರಿ ನಿಂತು ಕೈಯಲ್ಲಿ ಪೆನ್ನು ಹಿಡಿದಾಗ ಬರುವ ಅಪಾಯದ ಬಗ್ಗೆ. ಲೈನ್‌ಮನ್ ಆಗಿದ್ದ ಅಷ್ಟೂ ವರ್ಷ ನಾನು ಕಂಬದಿಂದ ಒಮ್ಮೆಯೂ ಬೀಳಲಿಲ್ಲ. ಬಿದ್ದದ್ದು ಒಂದು ನೋಟ್‌ಬುಕ್ಕಿನಲ್ಲಿ. ನನ್ನ ಜೊತೆ ಇಬ್ಬರು ಹೆಣ್ಣುಮಕ್ಕಳನ್ನು ಬೀಳಿಸಿದೆ. ಅವರು ಬಿದ್ದಿದ್ದಾರೆಂದು ಗೊತ್ತಿದ್ದೂ ನಾನು ಶಾಲು ಹೊದ್ದುಕೊಂಡು, ಹಾರ ಹಾಕಿಸಿಕೊಂಡು ನಿವೃತ್ತನಾದೆ.

ನನ್ನ ಹೆಸರು ತಿಪ್ಪೇಸ್ವಾಮಿ. ಓದಿದ್ದು ಹತ್ತನೇ ಕ್ಲಾಸು. ಚಳ್ಳಕೆರೆಯಲ್ಲಿ ಗ್ಯಾಂಗ್ ಕೆಲಸಕ್ಕೆ ಸೇರಿ, ಆಮೇಲೆ ಲೈನ್‌ಮನ್ ಆಗಿ, ಕೊನೆಯ ವರ್ಷಗಳನ್ನು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಕಳೆದೆ. ಬಡ್ತಿಯ ವಿಷಯ ಬರೆದರೆ ಯಾರಿಗೂ ಉಪಯೋಗವಿಲ್ಲ.

ಮೊದಲ ಮೇಲಧಿಕಾರಿ ರುದ್ರಪ್ಪನವರ ಬಗ್ಗೆ ಹೇಳುತ್ತೇನೆ. ಸಿಡುಕಿನ ಮನುಷ್ಯ. ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಹೋಗುವ ಒಂದು ಲೈನಿನ ಕಂಬಗಳ ಮೇಲೆ ತಂತಿ ಕೂರಿಸುವ ಪಿಂಗಾಣಿಗಳನ್ನು ಎಣಿಸಿ, ಒಡೆದವು ಎಷ್ಟು ಎಂದು ಬರೆದು ತರಲು ನನ್ನನ್ನು ಕಳಿಸಿದರು. ಆಗ ಮೊಬೈಲು ಇಲ್ಲ, ಫೋಟೋ ಇಲ್ಲ, ಬರೆದದ್ದೇ ಸತ್ಯ. ಅರ್ಧ ದಾರಿಗೆ ಕಾಲು ಸೋತಿತು. ಉಳಿದ ಕಂಬಗಳನ್ನು ಹುಲ್ಲಿನ ಮೇಲೆ ಕುಳಿತು ಅಂದಾಜಿಗೆ ಬರೆದೆ. ಮಾರನೆಯ ದಿನ ಅವರು ಹಾಳೆ ನೋಡಿದರು. ಮೋಟಾರ್ ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಕಾವಲಿಗೇ ಕರೆದುಕೊಂಡು ಹೋಗಿ ಒಂದೊಂದು ಕಂಬದ ಬುಡದಲ್ಲೂ ನಿಲ್ಲಿಸಿ, "ಎಣಿಸಪ್ಪ" ಅಂದರು. ಮಧ್ಯಾಹ್ನವಾಯಿತು, ಅವರೂ ಊಟ ಮಾಡಲಿಲ್ಲ. ಕೊನೆಯ ಕಂಬದ ಹತ್ತಿರ, "ಲೇ ತಿಪ್ಪೇಸ, ನೀನು ಕೂತ್ಕೊಂಡು ಬರೆದ ಜಾಗ ಆ ಹುಲ್ಲು ಮಲಗಿರೋ ಹತ್ರಾನೇ ಅಲ್ವೇನಲೇ?" ಎಂದು ಕೇಳಿದರು. ನನಗೆ ನಗು ಬಂತು, ಅಳುವೂ ಬಂತು. ಆ ಪಾಠ ಬಹಳ ವರ್ಷ ನನ್ನನ್ನು ಕಾಪಾಡಿತು. ಮನುಷ್ಯನಿಗೆ ಹೆದರಿ ಕಲಿತ ಪಾಠ ಅದು, ಆ ಮನುಷ್ಯ ಹೋದ ಮೇಲೆ ಸಡಿಲವಾಯಿತು ಎಂದು ಈಗ ಅನ್ನಿಸುತ್ತದೆ.

ಇನ್ನು ನಾನು ಬರೆಯಬೇಕೆಂದು ಕುಳಿತ ಆ ವರ್ಷ. ನಿವೃತ್ತಿಗೆ ಹಿಂದಿನ ವರ್ಷ ಅದು. ನಮ್ಮ ಸೆಕ್ಷನ್ನಿಗೆ ಶೋಭಾ ಮೇಡಂ ಎಂಬ ಹೊಸ ಇಂಜಿನಿಯರ್ ಬಂದರು. ಹರಿಹರದ ಕಡೆಯವರು, ಮೂವತ್ತರ ಒಳಗಿನ ವಯಸ್ಸು. ಕರೆಂಟು ಉಳಿಸುವ, ಬಿಸಿಲಿನ ಕರೆಂಟು ಬಳಸುವ ಕೆಲಸಗಳು ಅದೇ ವರ್ಷ ಒಂದರ ಹಿಂದೆ ಒಂದು ನಮ್ಮ ಕಡೆಗೆ ಬಂದವು.

ಮೊದಲು ಬಂದದ್ದು ಬಲ್ಬು. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಹಳೆಯ ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿದೆವು. ಹದಿನೈದು ದಿನಕ್ಕೆ ನಾಗರತ್ನಮ್ಮ ಎಂಬ ನೇಕಾರ ಹೆಂಗಸು ಕೈಚೀಲದಲ್ಲಿ ಬಲ್ಬುಗಳನ್ನು ತುಂಬಿಕೊಂಡು ಆಫೀಸಿಗೆ ಬಂದರು.

"ತಗೊಳ್ರಿ ನಿಮ್ಮ ಬೆಳಕು. ಇದ್ರಾಗೆ ಕುಂಕುಮದ ಬಣ್ಣ ಬದನೆಕಾಯಿ ಬಣ್ಣ ಆಗ್ತೈತೆ. ಮದುವೆ ಸೀರೆ ನೇಯಾನಾ, ಬದನೆಕಾಯಿ ಮಾರಾನಾ?"

ನಾವೆಲ್ಲ ನಕ್ಕೆವು. ಮೇಡಂ ನಗಲಿಲ್ಲ. ಅವರು ಆ ಹೆಂಗಸಿನ ಮನೆಗೆ ಹೋಗಿ ಮಗ್ಗದ ಪಕ್ಕ ಒಂದು ಗಂಟೆ ಕುಳಿತು, ಒಂದೇ ರೇಷ್ಮೆ ಲಡಿಯನ್ನು ಬಾಗಿಲ ಬೆಳಕಿನಲ್ಲಿ, ಹಳೆ ಬಲ್ಬಿನಲ್ಲಿ, ಹೊಸ ಬಲ್ಬಿನಲ್ಲಿ ಹಿಡಿದು ನೋಡಿದರು. ತಪ್ಪು ಇದ್ದದ್ದು ನಿಜ. ನೀಲಿ ಛಾಯೆಯ ಬಲ್ಬುಗಳನ್ನು ತೆಗೆಸಿ, ಬಣ್ಣ ಸರಿಯಾಗಿ ಕಾಣುವ ಬೇರೆ ಜಾತಿಯ ಬಲ್ಬುಗಳನ್ನು ತರಿಸಲು ಎರಡು ತಿಂಗಳು ಪತ್ರ ಬರೆದರು. ಬಂದವು. ಆ ಮಗ್ಗಗಳ ಮೇಲೆ ಅವು ಇವತ್ತಿಗೂ ಉರಿಯುತ್ತಿವೆ. ಯಾರಾದರೂ ದೂರು ತಂದರೆ ಆ ಮಗ್ಗದ ಪಕ್ಕ ಕೂರುವುದನ್ನು ಅವರಿಂದ ಕಲಿಯಿರಿ. ನನಗೆ ಕಲಿಯುವ ಅವಕಾಶ ಇತ್ತು.

ಆಮೇಲೆ ಸೋಲಾರ್. ದೇವಸಮುದ್ರದ ಕಡೆ ಸಬ್‌ಸ್ಟೇಷನ್ನಿನ ಮಗ್ಗುಲಲ್ಲೇ ಪ್ಲೇಟುಗಳನ್ನು ಹಾಕಿ, ಅಲ್ಲಿಂದ ಹೊರಡುವ ಫೀಡರ್ ಲೈನಿನ ಪಂಪ್‌ಸೆಟ್ಟುಗಳಿಗೆ ಹಗಲೇ ಕರೆಂಟು ಕೊಟ್ಟರು. ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಹಾವು ಚೇಳಿನ ನಡುವೆ ಮೋಟಾರ್ ಹಾಕಲು ಹೋಗುತ್ತಿದ್ದ ಜನ ಊಟ ಮುಗಿಸಿ ಹೋಗಿ ಸ್ವಿಚ್ ಒತ್ತುವಂತಾಯಿತು. ಆಷಾಢದ ಗಾಳಿಗೆ ಪ್ಲೇಟಿನ ಮೇಲೆ ಕೆಂಪು ಧೂಳು ಕೂತು ಕರೆಂಟು ಇಳಿಯಿತು. ಒರೆಸಲು ಆಳು ಇಲ್ಲ, ತೊಳೆಯಲು ನೀರು ಇಲ್ಲ. ಕೊನೆಗೆ ಉದ್ದನೆ ಕೋಲಿಗೆ ಬಟ್ಟೆ ಕಟ್ಟಿ ಒಣದಾಗಿಯೇ ಒರೆಸುವ ಏರ್ಪಾಡು ಆಯಿತು. ಆ ವರ್ಷದ ಕೆಲಸವೇ ಹೀಗೆ, ಒಂದು ಹೆಜ್ಜೆ ಮುಂದೆ ಹೋದರೆ ಅರ್ಧ ಹೆಜ್ಜೆ ಹಿಂದೆ. ಆದರೂ ಮುಂದೆ ಹೋಗುತ್ತಿತ್ತು.

ಮೂರನೆಯದು ಮೋಟಾರು ಬದಲಿಸುವ ಯೋಜನೆ. ನಮ್ಮ ಕಡೆಯ ಬೋರ್‌ವೆಲ್ ಮೋಟಾರುಗಳು ಎಷ್ಟೋ ಸಲ ಸುಟ್ಟು, ಸುರುಳಿ ಸುತ್ತಿಸಿಕೊಂಡು ಮತ್ತೆ ಇಳಿದಂಥವು. ನೀರು ಕಡಿಮೆ ಎತ್ತುತ್ತವೆ, ಕರೆಂಟು ಹೆಚ್ಚು ಕುಡಿಯುತ್ತವೆ. ಅವನ್ನು ತೆಗೆದು, ಪ್ರತಿ ಬಾವಿಗೂ ಅದರ ಆಳಕ್ಕೆ ತಕ್ಕ ಹೊಸ ಪಂಪು ಇಳಿಸಬೇಕು, ರೈತ ಏನೂ ಕೊಡಬೇಕಾಗಿಲ್ಲ ಎಂದು ಯೋಜನೆ. ಜನ ಕೇಳಿದ ಮೊದಲ ಪ್ರಶ್ನೆ ಸರಿಯಾದದ್ದೇ ಆಗಿತ್ತು: "ಕರೆಂಟು ನಮಗೆ ಪುಕ್ಕಟೆ ಬರ್ತೈತೆ. ಉಳಿಸಿದ್ರೆ ಯಾರಿಗೆ ಲಾಭ?" ಮೇಡಂ ಹೇಳಿದರು, "ಉಳಿದಿದ್ದು ನಿಮ್ಮ ಪಕ್ಕದ ಹೊಲಕ್ಕೇ ಹೋಗುತ್ತೆ. ಲೈನಿನ ಕೊನೇಲಿರೋ ಮೋಟಾರು ವೋಲ್ಟೇಜು ಸಾಲದೆ ಸುಡೋದು ನಿಲ್ಲುತ್ತೆ." ಲೈನಿನ ಕೊನೆಯಲ್ಲಿದ್ದವರು ಮೊದಲು ಒಪ್ಪಿದರು.

ಈ ಕೆಲಸದ ಜೀವ ಇದ್ದದ್ದು ಒಂದು ಅಳತೆಯಲ್ಲಿ. ಮೋಟಾರು ಓಡುತ್ತಿರುವಾಗ ಬಾವಿಯ ನೀರು ಎಷ್ಟು ಆಳಕ್ಕೆ ಇಳಿದು ನಿಲ್ಲುತ್ತದೆ ಎಂದು ತಿಳಿಯಬೇಕು. ಅದಕ್ಕೆ ರಾಟೆಗೆ ಸುತ್ತಿದ ಒಂದು ಅಳತೆಯ ತಂತಿ ಕೊಟ್ಟಿದ್ದರು. ತುದಿಯ ಗುಂಡು ನೀರಿಗೆ ತಾಗಿದರೆ ಮೇಲೆ ಕುಂಯ್ ಎಂದು ಕೂಗುತ್ತದೆ. ಮೋಟಾರು ಹಾಕಿ, ಒಂದು ಗಂಟೆಗೂ ಮೇಲೆ ಕಾದು, ತಂತಿ ಇಳಿಸಿ, ಕೂಗಿದ ಕಡೆ ಅಡಿ ನೋಡಿ ಬರೆಯಬೇಕು. ಆ ಅಂಕಿ ನೋಡಿ ಪಂಪು ಆರಿಸುತ್ತಾರೆ. ನೂರಾರು ಅಡಿ ಹೆಚ್ಚು ಕಡಿಮೆಯಾದರೆ ಪಂಪು ನೀರನ್ನು ಮೇಲಕ್ಕೆ ಮುಟ್ಟಿಸಲಾರದು. ನೀರು ಹರಿಯದಿದ್ದರೆ ಕೆಳಗಿನ ಮೋಟಾರಿಗೆ ತಂಪು ಸಿಗದೆ ಸುಡುತ್ತದೆ. ಇಷ್ಟನ್ನೂ ಮೇಡಂ ನನಗೆ ಸ್ಲೇಟಿನ ಮೇಲೆ ಬರೆದಂತೆ ವಿವರಿಸಿದ್ದರು. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಮೊದಲ ಮೂರು ಊರುಗಳಲ್ಲಿ ನಾನು ತಂತಿ ಇಳಿಸಿಯೇ ಬರೆದೆ. ದಿನಕ್ಕೆ ಎರಡು ಮೂರು ಬಾವಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಅಷ್ಟರಲ್ಲಿ ಬೇಸಿಗೆ ಏರಿತು, ಮಂಡಿ ನೋವು ಏರಿತು. ಮೇಲಿನಿಂದ ಉದ್ಘಾಟನೆಯ ದಿನ ಗೊತ್ತಾಗಿ ಬಂತು. ದೊಡ್ಡ ಸಾಹೇಬರು ಫೋನಿನಲ್ಲಿ ಮೇಡಂ ಅವರನ್ನು, ಮೇಡಂ ನನ್ನನ್ನು ಪಟ್ಟಿ ಎಲ್ಲಿ ಎಂದು ಕೇಳತೊಡಗಿದರು. ನಾಲ್ಕನೆಯ ಊರಿನಿಂದ ನಾನು ತಂತಿಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ, ಇಳಿಸದೆ, ಮಾಲೀಕರನ್ನು ಕೇಳಿ ಬರೆದುಕೊಳ್ಳಲು ಶುರುಮಾಡಿದೆ.

ಇಲ್ಲಿ ನಮ್ಮ ಸೀಮೆಯ ಒಂದು ನಡವಳಿಕೆ ಹೇಳಬೇಕು. ನಾನು ಬೆಳೆದ ಹಟ್ಟಿಗಳ ಕಡೆ ಹಳಬರು ಬಾವಿಯ ನೀರಿನ ಆಳವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಳ ಹೇಳಿದರೆ ಗಂಗಮ್ಮ ಅಲ್ಲಿಂದಲೂ ಕೆಳಕ್ಕೆ ಹೋಗುತ್ತಾಳೆ ಎಂದು ನಂಬಿಕೆ. ಮನೆಯಿಂದ ಹೊರಡುವವರು ಹೋಗ್ತೀನಿ ಅನ್ನದೆ ಬರ್ತೀನಿ ಅನ್ನುವುದಿಲ್ಲವೇ, ಹಾಗೆ ನೀರನ್ನೂ ಹತ್ತಿರವೇ ಇದೆ ಎಂದು ಹೇಳಿ ಕರೆಯುತ್ತಾರೆ. ಆರು ನೂರು ಅಡಿಯಲ್ಲಿದ್ದರೆ ಮುನ್ನೂರು ಎನ್ನುತ್ತಾರೆ. ಸೇದುವ ಬಾವಿಯ ಕಾಲದಲ್ಲಿ ನಮ್ಮವ್ವ ಹಗ್ಗವೆಲ್ಲ ಮುಗಿಯುವಷ್ಟು ಕೊಡ ಇಳಿಸಿದ್ದರೂ ದಾರಿಹೋಕರು ಕೇಳಿದರೆ, "ಕೈ ಚಾಚಿದ್ರೆ ಸಿಗ್ತಾಳಪ್ಪ" ಎನ್ನುತ್ತಿದ್ದಳು. ಬೇರೆ ಜಿಲ್ಲೆಯಿಂದ ಬಂದವನು ಕೇಳಿ ಬರೆದುಕೊಂಡಿದ್ದರೆ ಅವನಿಗೆ ತಿಳಿಯಲಿಲ್ಲ ಎನ್ನಬಹುದಿತ್ತು. ನಾನು ಅದೇ ನೀರು ಕುಡಿದು ಬೆಳೆದವನು.

ದೇವಸಮುದ್ರ ಹೋಬಳಿಯ ಅಂಚಿನಲ್ಲಿ, ಆಂಧ್ರದ ಗಡಿಗೆ ಹತ್ತಿರ, ಒಂದು ಸಣ್ಣ ಹಟ್ಟಿ. ಅಲ್ಲಿ ಓಬಕ್ಕ ಎಂಬ ಕುರಿ ಸಾಕುವ ಹೆಂಗಸಿನ ಹೆಸರಿನಲ್ಲಿ ಒಂದು ಬೋರ್‌ವೆಲ್ ಇತ್ತು. ನನಗಿಂತ ಒಂದೆರಡು ವರ್ಷ ಚಿಕ್ಕವಳು, ಮಾತಿನಲ್ಲಿ ಮಾತ್ರ ನನಗಿಂತ ದೊಡ್ಡವಳು. ಮೂರು ಮನೆಯ ಕುರಿಗಳು ಅವಳ ಬಾವಿಯ ನೀರಿನ ತೊಟ್ಟಿಯಲ್ಲೇ ಕುಡಿಯುತ್ತಿದ್ದವು. ನಾನು ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು.

"ಓಬಕ್ಕ, ನೀರು ಎಷ್ಟು ಅಡಿಗೈತೆ?"

"ಏಮಯ್ಯಾ, ಅದನ್ನ ಕೇಳ್ತಾರಾ ಯಾರಾನಾ? ನಿಮ್ಮವ್ವ ಹೇಳಿಕೊಡ್ಲಿಲ್ವಾ?"

"ಸರಕಾರದ ಕೆಲಸ ಕಣಕ್ಕ. ಒಂದು ನಂಬರು ಹೇಳು, ಬರ್ಕೊಂಡು ಹೋಗ್ತೀನಿ."

"ಹೋಗ್ತೀನಿ ಅನ್ಬೇಡ. ಮುನ್ನೂರು ಅಂತ ಬರ್ಕೋ." ಬರೆದುಕೊಂಡೆ. ಅವಳು ನನ್ನ ಹೆಗಲು ನೋಡಿದಳು. "ಅಲ್ಲ ತಿಪ್ಪೇಸಣ್ಣ, ಆ ತಂತಿ ಯಾತಕ್ಕೆ ಹೊತ್ಕೊಂಡು ಬಂದಿದೀಯಾ, ಎಮ್ಮೆ ಕಟ್ಟಾಕಾ? ಇಳಿಸಿ ನೋಡ್ಬಾರ್ದಾ? ನನ್ನ ಬಾಯಿಗ್ಯಾಕೆ ಕೈ ಹಾಕ್ತೀಯಾ?"

"ಬಿಸ್ಲು ಕಣಕ್ಕ."

"ನಮಗೇನು ನೆರಳಾ?" ಎಂದು ನಕ್ಕು, ಒಂದು ಚೊಂಬು ಮಜ್ಜಿಗೆ ಕೊಟ್ಟಳು.

ಅವಳು ಹೇಳಿದ ಆ ಮಾತು, ಇಳಿಸಿ ನೋಡು ಅಂದದ್ದು, ನನ್ನ ಕಿವಿಯಲ್ಲಿ ಈಗಲೂ ಇದೆ. ಅದಕ್ಕೆ ನಾನೊಬ್ಬನೇ ಸಾಕ್ಷಿ.

ಪಟ್ಟಿ ಕೊಟ್ಟ ದಿನ ಮೇಡಂ ಒಂದೇ ಪ್ರಶ್ನೆ ಕೇಳಿದರು. "ತಿಪ್ಪೇಸ್ವಾಮಿಯವರೇ, ಎಲ್ಲಾ ಕಡೆ ತಂತಿ ಇಳಿಸಿ ನೋಡಿದೀರಾ?"

"ನೋಡಿದೀನಿ ಮೇಡಂ."

ಅವರು ಹಾಳೆಗಳನ್ನು ಎರಡು ಸಲ ತಿರುವಿದರು. ಏನೋ ಕೇಳಲು ಹೊರಟು, ಕೇಳದೆ ಪೆನ್ನು ತೆಗೆದರು. ಸಹಿ ಹಾಕಿದರು.

ಉದ್ಘಾಟನೆ ಶಾಮಿಯಾನದಲ್ಲಿ ನಡೆಯಿತು. ಹೊಸ ಮೋಟಾರುಗಳು ಇಳಿದವು. ಹಳೆಯವನ್ನು ಲಾರಿಯಲ್ಲಿ ಹಾಕಿಕೊಂಡು ಹೋದರು. ಫೀಡರಿನ ಹೊರೆ ಇಳಿದದ್ದನ್ನು ಸಬ್‌ಸ್ಟೇಷನ್ನಿನ ಮೀಟರಿನಲ್ಲಿ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೊದಲ ಮೂರು ಊರುಗಳಲ್ಲಿ ಆ ಮೋಟಾರುಗಳು ಇವತ್ತಿಗೂ ತಕರಾರಿಲ್ಲದೆ ಓಡುತ್ತಿವೆ, ಇದನ್ನು ನೀವು ಮರೆಯಬಾರದು. ಯೋಜನೆ ಸುಳ್ಳಾಗಿರಲಿಲ್ಲ. ಅಳೆದ ಕಡೆ ಅದು ನಿಜವೇ ಆಯಿತು.

ಓಬಕ್ಕನ ಹಟ್ಟಿಯಲ್ಲಿ ಇಳಿದದ್ದು ಮುನ್ನೂರು ಅಡಿಗೆಂದು ಆರಿಸಿದ ಪಂಪು, ಮೊದಲ ದಿನವೇ ಪೈಪಿನಿಂದ ಬೆರಳು ಗಾತ್ರದ ನೀರಷ್ಟೇ ಬಂತು. ನಾಲ್ಕನೆಯ ದಿನ ಅದೂ ನಿಂತಿತು. ಮೋಟಾರು ಮಾತ್ರ ಕೆಳಗೆ ಗುಂಯ್‌ಗುಟ್ಟುತ್ತಿತ್ತು. ವಾರದಲ್ಲಿ ಸುಟ್ಟಿತು. ಅದರ ಹಿಂದೆ ಅಕ್ಕಪಕ್ಕದ ಊರುಗಳಲ್ಲೂ ಒಂದೊಂದೇ ಸುಟ್ಟವು. ಹಟ್ಟಿಯಲ್ಲಿ ಬೇರೆ ನೀರಿರಲಿಲ್ಲ. ಮೂರು ಮನೆಯವರೂ ಕುರಿಗಳನ್ನು ಹೊಡೆದುಕೊಂಡು ಗಡಿಯಾಚೆಗೆ ನಡೆದರು. ಆಗಷ್ಟೇ ಈದ ಕುರಿಗಳಿದ್ದವು. ಪಾಲಯ್ಯ ಎಂಬವನ ಹಿಂಡಿನ ಎಳೆಮರಿಗಳು ದಾರಿಯಲ್ಲೇ ಸತ್ತವು. ಅವನ ಹೆಂಡತಿ ಅವನ್ನು ಕಂಬಳಿಯಲ್ಲಿ ಸುತ್ತಿಕೊಂಡು ವಾಪಸು ತಂದು ಹಟ್ಟಿಯ ನೆಲದಲ್ಲೇ ಹೂತಳಂತೆ.

ವಿಚಾರಣೆಗೆ ಮೂವರು ಅಧಿಕಾರಿಗಳು ಬಂದರು. ಅವರ ಎದುರು ನಾನು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ. "ಕೆಲವು ಬಾವಿಗಳಾಗೆ ತಂತಿ ಇಳೀಲಿಲ್ಲ ಸಾರ್, ಪೈಪಿಗೆ ಸಿಕ್ಕಾಕ್ಕೊಂತಿತ್ತು. ಅಲ್ಲಿ ಮಾಲೀಕರನ್ನ ಕೇಳ್ದೆ. ಅವರು ಇಷ್ಟೇ ಅಂತ ಗಟ್ಟಿಯಾಗಿ ಹೇಳಿದ್ರು. ಹಟ್ಟಿ ಓಬಕ್ಕನೂ ಹಂಗೇ ಹೇಳಿದ್ಲು." ಒಂದು ಉಸಿರಿನಲ್ಲಿ ಮೂರು ಸುಳ್ಳು. ನಿವೃತ್ತಿಗೆ ಮೂರು ತಿಂಗಳಿತ್ತು. ಸೇವೆಯ ಪುಸ್ತಕದಲ್ಲಿ ಒಂದು ಕಪ್ಪು ಗೆರೆಯೂ ಇಲ್ಲದೆ ಮನೆಗೆ ಹೋಗಬೇಕೆಂಬ ಆಸೆ. ಅಷ್ಟೇ, ಬೇರೆ ಕಾರಣ ಇಲ್ಲ.

ಮೇಡಂ ಪಕ್ಕದಲ್ಲೇ ಇದ್ದರು. "ಎಲ್ಲಾ ಕಡೆ ಇಳಿಸಿ ನೋಡಿದೀನಿ ಅಂತ ಇವರೇ ನನಗೆ ಹೇಳಿದ್ರು" ಎಂದು ಅವರು ಅನ್ನಬಹುದಿತ್ತು. ಅನ್ನಲಿಲ್ಲ. "ನಾನು ಹೋಗಿ ನೋಡಬೇಕಿತ್ತು, ನೋಡಲಿಲ್ಲ" ಎಂದಷ್ಟೇ ಹೇಳಿದರು. ವರದಿ ಬಂತು. ಅದರ ಮೊದಲ ಸಾಲಿನಲ್ಲೇ, ಬಾವಿಯ ಮಾಲೀಕಳಾದ ಓಬಕ್ಕ ಮೊದಲಾದವರು ತಪ್ಪು ಮಾಹಿತಿ ನೀಡಿದ್ದರಿಂದ ಎಂದು ಇತ್ತು. ಎರಡನೆಯ ಸಾಲಿನಲ್ಲಿ ಮೇಡಂ ಅವರ ನಿರ್ಲಕ್ಷ್ಯ. ನನ್ನ ಹೆಸರು ಎಲ್ಲೂ ಇರಲಿಲ್ಲ. ಮೇಡಂ ಅವರನ್ನು ಚಿತ್ರದುರ್ಗದ ಸ್ಟೋರಿಗೆ, ತಂತಿ ಸುರುಳಿ ಎಣಿಸುವ ಮೇಜಿಗೆ ಹಾಕಿದರು. ಉಳಿದ ಊರುಗಳಿಗೆ ಬರಬೇಕಿದ್ದ ಮೋಟಾರುಗಳು ನಿಂತುಹೋದವು. ವರದಿಯ ಪ್ರತಿಯನ್ನು ಪಂಚಾಯಿತಿಯಲ್ಲಿ ಓದಿ ಹೇಳಿದರು.

ನಿವೃತ್ತನಾಗಿ ಎರಡು ವರ್ಷ ನಾನು ದೇವಸಮುದ್ರದ ಕಡೆ ಹೋಗಲಿಲ್ಲ. ನೆಂಟರ ಮನೆಯ ಒಂದು ಕೆಲಸಕ್ಕೆ ಹೋಗಲೇಬೇಕಾಗಿ ಬಂದಾಗ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಓಬಕ್ಕ ಸಿಕ್ಕಳು. ಸೊರಗಿದ್ದಳು. ನಾನು ತಲೆ ತಗ್ಗಿಸಿ ದಾಟಿ ಹೋಗಬೇಕೆಂದಿದ್ದೆ. ಅವಳೇ ಬಂದು ನಿಂತಳು.

"ತಿಪ್ಪೇಸಣ್ಣ, ನನ್ನಿಂದ ನಿನಗೇನೂ ತೊಂದ್ರೆ ಆಗ್ಲಿಲ್ಲ ತಾನೇ?"

ನನಗೆ ಅರ್ಥವಾಗಲಿಲ್ಲ.

"ನಾನು ಮುನ್ನೂರು ಅಂದಿದ್ದಕ್ಕೆ ಆ ಮೇಡಮ್ಮನ್ನ ಎಲ್ಲಿಗೋ ಎತ್ತಾಕಿದ್ರಂತೆ. ಪಾಲಯ್ಯನ ಮರಿ ಹೋದ್ವು. ನಿನಗೂ ಏನಾನಾ ಮಾಡಿದ್ರೇನೋ ಅಂತಿದ್ದೆ. ಹಟ್ಟಿ ಜನ ಏನೂ ಅನ್ನಲ್ಲ. ಅನ್ನದೇ ಇರೋದೇ ಕಷ್ಟ." ಆಮೇಲೆ, "ಇಳಿಸಿ ನೋಡು ಅಂತ ನಿನಗೆ ಅಂದಿದ್ದೆ ಅನ್ಸುತ್ತೆ. ನೆಪ್ಪಿಲ್ಲ. ಕಾಗದದಾಗೆ ಇಲ್ಲ ಅಂದ್ಮೇಲೆ ಅಂದಿರ್ಲಿಕ್ಕಿಲ್ಲ ಬಿಡು" ಎಂದಳು.

ಸರಿಯಾಗಿ ನೆನಪಿದ್ದ ಮಾತನ್ನು ಆ ಹೆಂಗಸು ಕಾಗದಕ್ಕೆ ಹೆದರಿ ಬಿಟ್ಟುಕೊಟ್ಟಿದ್ದಳು. ಆ ಕಾಗದ ನನ್ನ ಬಾಯಿಂದ ಹುಟ್ಟಿದ್ದು. ಅಲ್ಲೇ ಹೇಳಿಬಿಡಬೇಕಿತ್ತು. ನನ್ನ ಬಸ್ಸು ಬಂತು, ಹತ್ತಿದೆ. ಆ ದಿನವೂ ಹೇಡಿಯೇ.

ಆದರೆ ಆಮೇಲೆ ಊಟ ಸೇರಲಿಲ್ಲ. ಒಂದು ವಾರ ಕಳೆದು ಚಿತ್ರದುರ್ಗಕ್ಕೆ ಹೋಗಿ ಶೋಭಾ ಮೇಡಂ ಅವರ ಮೇಜಿನ ಮುಂದೆ ನಿಂತೆ. ನಿಂತಲ್ಲೇ ಎಲ್ಲ ಹೇಳಿದೆ. ಅವರು ಕುರ್ಚಿ ತೋರಿಸಿದರು. ಕೂರಲಿಲ್ಲ.

"ನನಗೆ ಪಟ್ಟಿ ನೋಡಿದಾಗಲೇ ಗೊತ್ತಾಗಿತ್ತು" ಎಂದರು. "ಮೊದಲ ಮೂರು ಊರಲ್ಲಿ ನೀವು ನಾನೂರ ಹದಿನೇಳು, ಐನೂರ ಮೂವತ್ತೆರಡು ಅಂತ ಬರೆದಿದ್ರಿ. ಆಮೇಲೆ ಎಲ್ಲಾ ಐವತ್ತು, ನೂರರಲ್ಲೇ ಮುಗಿಯೋಕೆ ಶುರುವಾಯ್ತು. ನೀರು ಅಷ್ಟು ಲೆಕ್ಕ ಇಟ್ಕೊಂಡು ನಿಲ್ಲೋದಿಲ್ಲ. ಆದರೂ ನಿಮ್ಮನ್ನ ಕೇಳಿ, ನೀವು ಹೂಂ ಅಂದಿದ್ದಕ್ಕೆ ಸಹಿ ಹಾಕಿದೆ. ಉದ್ಘಾಟನೆಗೆ ಆರು ದಿನ ಇತ್ತು."

"ನಿಮ್ಮ ಮೇಲೆ ಬಂದಿದ್ದನ್ನೆಲ್ಲ ನನ್ನ ಮೇಲೆ ತಗೊಂಡು ಬರ್ಕೊಡ್ತೀನಿ ಮೇಡಂ."

"ಬೇಡ. ನನ್ನ ತಪ್ಪನ್ನ ನನಗೆ ಬಿಡಿ. ನಿಮ್ಮದನ್ನ ನೀವು ಬರೀರಿ." ಅವರ ದನಿ ಮೊದಲ ಸಲ ಗಡುಸಾಯಿತು. "ಆ ವರದೀಲಿ ಓಬಕ್ಕ ನಮ್ಮಿಬ್ಬರ ಮುಂದೆ ಯಾಕೆ ನಿಂತಿದ್ದಾರೆ? ಅವರ ಹೆಸರು ತೆಗೆಸಿ."

ಒಂದೂವರೆ ಹಾಳೆ ಬರೆಯಲು ನನಗೆ ಮೂರು ದಿನ ಹಿಡಿಯಿತು. ಆಫೀಸಿಗೆ ಒಯ್ದೆ. ಈಗಿರುವ ಸಾಹೇಬರು ಓದಿ, "ಯಾಕ್ರೀ ಹಿರಿಯರೇ, ಮುಗಿದ ಫೈಲು ಇದು. ಸುಮ್ಮನೆ ಮೈಮೇಲೆ ಎಳ್ಕೊಳ್ತೀರಾ? ಮೊಮ್ಮಕ್ಕಳನ್ನ ಆಡಿಸ್ಕೊಂಡು ಇರ್ರಿ" ಎಂದರು. ಕೆಟ್ಟ ಮನುಷ್ಯರಲ್ಲ, ನನಗೆ ಒಳ್ಳೆಯದನ್ನೇ ಬಯಸಿದರು. ಮೊದಲ ದಿನ ತೆಗೆದುಕೊಳ್ಳಲಿಲ್ಲ. ಎರಡನೆಯ ದಿನವೂ ಹೋದೆ. ನಾಲ್ಕನೆಯ ದಿನ ಸೀಲು ಹೊಡೆದು ಪ್ರತಿ ಕೊಟ್ಟರು. ಹೊಸದಾಗಿ ವಿಚಾರಣೆ ನಡೆಯುತ್ತದೆಯಂತೆ, ನನಗೆ ನೋಟಿಸು ಬಂದಿದೆ. ಏನು ಮಾಡುತ್ತಾರೋ ಮಾಡಲಿ. ಅದು ಅವರ ಕೆಲಸ.

ಆ ಪ್ರತಿ ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಹಟ್ಟಿಗೆ ಹೋದೆ. ಕುರಿಗಳು ಮೇವಿಗೆ ಹೊರಡುವ ಮುಂಚೆ ನೀರು ಕುಡಿಯುವ ಹೊತ್ತು. ಎಲ್ಲಿಂದಲೋ ತಂದ ಹಳೆಯ ಸುತ್ತಿಸಿದ ಮೋಟಾರೊಂದು ಆ ಬಾವಿಯಲ್ಲಿ ಏದುಸಿರು ಬಿಡುತ್ತ ತೊಟ್ಟಿ ತುಂಬುತ್ತಿತ್ತು. ಪಾಲಯ್ಯನ ಹಿಂಡು ಕುಡಿಯುತ್ತಿತ್ತು, ಅದರ ಹಿಂದೆ ಇನ್ನೊಂದು ಮನೆಯ ಹಿಂಡು. ಓಬಕ್ಕ ತನ್ನ ಕುರಿಗಳನ್ನು ದೂರದ ಜಾಲಿ ಬೇಲಿಗೆ ಒತ್ತರಿಸಿಕೊಂಡು ನಿಂತಿದ್ದಳು.

"ಬಾವಿ ನಿಂದೇ ಅಲ್ವಾ, ನೀನ್ಯಾಕೆ ಅಲ್ಲಿ?" ಎಂದು ಕೇಳಿದೆ.

ಪಾಲಯ್ಯ ಹೇಳಿದ, "ನಾವೂ ಹೇಳಿ ಸಾಕಾಯ್ತು. ಆ ವರ್ಷದಿಂದ ಹಿಂಗೇ. ನಮ್ಮವು ಕುಡಿದು ಮಿಕ್ಕಿದ್ದನ್ನೇ ತನ್ನ ಕುರಿಗೆ ಕುಡಿಸ್ತಾಳೆ. ಕೆಸರು ನೀರು."

ಮಾತಿನಲ್ಲಿ ಹೇಳಿದರೆ ನಾನು ಎಲ್ಲಾದರೂ ತಪ್ಪಿಸಿಕೊಳ್ಳುತ್ತೇನೆಂದು ನನಗೆ ಗೊತ್ತಿತ್ತು. ಮೂರು ಮನೆಯವರನ್ನೂ ನಿಲ್ಲಿಸಿಕೊಂಡು, ಕಾಗದ ತೆಗೆದು ಓದಿದೆ. ಬಾವಿಗೆ ತಂತಿ ಸಲೀಸಾಗಿ ಇಳಿಯುವಂತಿತ್ತು, ನಾನು ಇಳಿಸಲಿಲ್ಲ. ಈ ಸೀಮೆಯಲ್ಲಿ ಆಳ ಕೇಳಬಾರದೆಂದು ನನಗೆ ಗೊತ್ತಿತ್ತು, ಆದರೂ ಕೇಳಿದೆ. ತಂತಿ ಇಳಿಸಿ ನೋಡು ಎಂದು ಓಬಕ್ಕ ನನಗೆ ಸ್ಪಷ್ಟವಾಗಿ ಹೇಳಿದ್ದಳು. ವಿಚಾರಣೆಯಲ್ಲಿ ನಾನು ಸುಳ್ಳು ಹೇಳಿ ಅವಳ ಹೆಸರು ಬರೆಸಿದೆ.

ಪಾಲಯ್ಯನ ಹೆಂಡತಿ ಸೆರಗು ಬಾಯಿಗೆ ಹಿಡಿದು ಅತ್ತ ತಿರುಗಿದಳು. ಓಬಕ್ಕ ಬೇಲಿಯಿಂದ ಹತ್ತಿರ ಬಂದಳು.

"ನಾನು ಅಂದಿದ್ದು ಐತಲ್ಲ, ಆ ಸಾಲು ಇನ್ನೊಂದು ಸಲ ಓದು."

ಓದಿದೆ.

"ಇನ್ನೊಂದು ಸಲ. ಇವರಿಗೆಲ್ಲ ಕೇಳಂಗೆ."

ಗಟ್ಟಿಯಾಗಿ ಓದಿದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಎರಡು ವರ್ಷ ನನ್ನ ಮಾತು ನನಗೇ ಸುಳ್ಳು ಮಾಡಿಟ್ಟಿದ್ಯಲ್ಲೋ. ಬಸ್‌ಸ್ಟ್ಯಾಂಡಿನಾಗೂ ಸುಮ್ಕೆ ಹತ್ಕೊಂಡು ಹೋದ್ಯಲ್ಲೋ" ಎಂದಳು. ಅಣ್ಣ ಎನ್ನಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ. ಕ್ಷಮಿಸು ಎಂದು ಕೇಳಬಾರದೆಂದು ನನಗೆ ಅನ್ನಿಸಿತು.

ಅವಳು ತೊಟ್ಟಿಯ ಕಡೆ ತಿರುಗಿದಳು. "ಲೇ ಪಾಲಯ್ಯ, ನಿನ್ನ ಕುರಿ ಎಳ್ಕೋ ಆ ಕಡೆ" ಎಂದು ಕೂಗಿ, ಕೋಲಿನಿಂದ ತೊಟ್ಟಿಯ ಅಂಚಿಗೆ ಎರಡು ಸಲ ತಟ್ಟಿದಳು. ಪಾಲಯ್ಯ ಅವಸರದಲ್ಲಿ ಸರಿದು ದಾರಿ ಬಿಟ್ಟ. ಪೈಪಿನಿಂದ ತಿಳಿನೀರು ಬೀಳುತ್ತಿದ್ದ ಜಾಗಕ್ಕೆ ಅವಳ ಕುರಿಗಳು ಬಂದು ಬಾಯಿ ಹಾಕಿದವು.